ಪಿಯುಸಿ ಮಕ್ಕಳಿಗೆ ರಜೆಯಲ್ಲಿ ಯಾವ ಪಾರ್ಟ್ ಟೈಮ್ ಕೆಲಸ ವಾಸಿ? (ಬೆಂಗಳೂರು, 16–17 ವಯಸ್ಸಿನವರಿಗೆ)

ಬನಶಂಕರಿ_ಅಮ್ಮ
ಮನೇಲಿ ಇಬ್ಬರು ಮಕ್ಕಳು. ಮಗನಿಗೆ 17, ಸೆಕೆಂಡ್ ಪಿಯುಸಿ ಆಯ್ತು, ಸಿಇಟಿ ಮುಗಿದರೆ ಕಾಲೇಜು ಶುರುವಾಗೋವರೆಗೆ ಬಿಡುವು. ಮಗಳಿಗೆ 16, ಫಸ್ಟ್ ಪಿಯುಸಿ. ಇಬ್ಬರೂ ಸುಮ್ಮನೆ ಕೂರೋದಿಲ್ಲ, ಕೆಲಸ ಮಾಡ್ತೀವಿ ಅಂತಿದ್ದಾರೆ. ನಮ್ಮ ಮುಂದಿರೋದು ಇಷ್ಟು: ಡೆಲಿವರಿ, ಬೆಳಗಿನ ಪೇಪರ್, ಮದುವೆ ಮಂಟಪದಲ್ಲಿ ಬಡಿಸೋದು, ಚಿಕ್ಕ ಮಕ್ಕಳಿಗೆ ಟ್ಯೂಷನ್, ಡಿಟಿಪಿ (ಕಂಪ್ಯೂಟರಲ್ಲಿ ಟೈಪ್ ಮಾಡಿ ಪುಟ ಜೋಡಿಸೋ) ಅಂಗಡಿ, ಸಮ್ಮರ್ ಕ್ಯಾಂಪ್. ಯಾವುದರಲ್ಲಿ ದುಡ್ಡು ಉಳಿಯುತ್ತೆ, ಯಾವುದರಲ್ಲಿ ತಾಪತ್ರಯ? ವಿಷಯ ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಕಾನೂನು_ಕಟ್ಟೆ
ಮೇಡಂ, ಸಂಬಳದ ಮಾತಿಗೆ ಮುಂಚೆ ಗಡಿಯಾರ ನೋಡಿ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ 14ರಿಂದ 18ರೊಳಗಿನವರು ಕಿಶೋರರು. ಗಣಿ, ಸ್ಫೋಟಕ, ಬೆಂಕಿ ಹೊತ್ತಿಕೊಳ್ಳೋ ವಸ್ತು, ಅಪಾಯಕಾರಿ ಪ್ರಕ್ರಿಯೆ ಇರೋ ಕಡೆ ಅವರನ್ನ ಇಟ್ಟುಕೊಳ್ಳೋ ಹಾಗೇ ಇಲ್ಲ. ಬೇರೆ ಕಡೆ ಇಟ್ಟುಕೊಳ್ಳಬಹುದು, ಆದರೆ ಅದೇ ಕಾಯ್ದೆ ಪ್ರಕಾರ:

ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಇಲ್ಲ. ಒಂದೇ ಸಮ 3 ಗಂಟೆಗಿಂತ ಜಾಸ್ತಿ ಇಲ್ಲ, ಆಮೇಲೆ ಕಡೇ ಪಕ್ಷ 1 ಗಂಟೆ ಬಿಡುವು. ಬಿಡುವು, ಕಾಯೋದು ಎಲ್ಲ ಸೇರಿ ದಿನಕ್ಕೆ 6 ಗಂಟೆ ಮೀರಬಾರದು. ಓವರ್‌ಟೈಮ್ ಇಲ್ಲ. ಒಂದೇ ದಿನ ಎರಡು ಕಡೆ ದುಡಿಸೋ ಹಾಗಿಲ್ಲ. ವಾರಕ್ಕೊಂದು ಪೂರ್ತಿ ರಜೆ. ಹುಡುಗನ ಹೆಸರು, ಹುಟ್ಟಿದ ದಿನ, ಕೆಲಸದ ಹೊತ್ತು ಎಲ್ಲಾ ಮಾಲೀಕರು ರಿಜಿಸ್ಟರ್‌ನಲ್ಲಿ ಬರೆದಿಡಬೇಕು.

ನಿಮ್ಮ ಪಟ್ಟಿಯಲ್ಲಿರೋ ಕೆಲಸಗಳನ್ನ ಈ ಗಂಟೆಗಳ ಪಕ್ಕ ಇಟ್ಟು ನೋಡಿ, ಅರ್ಧ ಅಲ್ಲೇ ಬಿದ್ದುಹೋಗುತ್ತೆ.

ಶ್ರೀನಗರ_ಸೀನ
ಹಾಗಾದ್ರೆ ಪೇಪರ್ ಹಾಕೋದು? ಅದು ಮುಗಿಯೋದೇ ಬೆಳಿಗ್ಗೆ 7ಕ್ಕೆ. ತಲೆತಲಾಂತರದಿಂದ ಓದೋ ಹುಡುಗರೇ ಹಾಕ್ತಿದಾರೆ ಸ್ವಾಮಿ.

ಕಾನೂನು_ಕಟ್ಟೆ
ಹಾಕ್ತಿದಾರೆ ಅಂದ ಮಾತ್ರಕ್ಕೆ ಸರಿಯಾಗಲ್ಲ ಸರ್. ಏಜೆಂಟರ ಕೈಕೆಳಗೆ ಕೂಲಿಗೆ ಹಾಕಿದರೆ ಅದು ವ್ಯಾಪಾರ ಸಂಸ್ಥೆಯ ಕೆಲಸವೇ. ಬೆಳಿಗ್ಗೆ 8ರ ಮುಂಚೆ 18 ತುಂಬದವರು ಬರೋ ಹಾಗಿಲ್ಲ. ಮನೆಯವರದೇ ಏಜೆನ್ಸಿ ಇದ್ದು ಮಗ ಕೈ ಜೋಡಿಸಿದರೆ ಬೇರೆ ಮಾತು.

ಪೇಪರ್_ಬಂಡಲ್
ಕಾನೂನು ಪಕ್ಕಕ್ಕಿಟ್ಟರೂ ಈ ಕೆಲಸ ಗಂಟೆ ಲೆಕ್ಕದಲ್ಲಿ ಗಿಟ್ಟೋದಿಲ್ಲ. ಮನೆ ಮನೆಗೆ ಹಾಕೋದು ಒಂದು ಗಂಟೆ ಅಂತ ಹೇಳಿ ಕರೀತಾರೆ. ಅದಕ್ಕೆ ಮುಂಚೆ ಬಂಡಲ್ ಬಿಚ್ಚಬೇಕು, ಪುರವಣಿ ಸೇರಿಸಬೇಕು, ಜಾಹೀರಾತಿನ ಚೀಟಿ ಒಳಗಿಡಬೇಕು, ಲೈನ್ ಪ್ರಕಾರ ಜೋಡಿಸಬೇಕು. ಆ ಹೊತ್ತಿಗೆ ಕೂಲಿ ಕಟ್ಟೋರು ಕಡಿಮೆ. ಭಾನುವಾರ ತೂಕ ಹೆಚ್ಚು. ಮಳೆ ಬಂದು ಪೇಪರ್ ಒದ್ದೆಯಾದ್ರೆ ಬೈಗುಳ ಹುಡುಗನಿಗೆ. ಅಪಾರ್ಟ್‌ಮೆಂಟ್ ಲೈನಾದರೆ ಲಿಫ್ಟಲ್ಲಿ ಮೇಲಿನ ಮಹಡಿಗೆ ಹೋಗಿ ಮೆಟ್ಟಿಲಿಳೀತಾ ಹಾಕಿಕೊಂಡು ಬರಬೇಕು, ಇಲ್ಲಾಂದ್ರೆ ಕಾಲು ಸೋತುಹೋಗುತ್ತೆ. 18 ತುಂಬಿದ ಮೇಲೆ ಯೋಚನೆ ಮಾಡಿ.

ರಸ್ತೆ_ನಿಯಮ
ಡೆಲಿವರಿ ಆಸೆ ಈಗಲೇ ಬಿಡಿ. ಬೈಕ್ ಲೈಸೆನ್ಸಿಗೆ 18 ಆಗಬೇಕು. 16ಕ್ಕೆ ಸಿಗೋದು 50 ಸಿಸಿ ಮೀರದ ಗೇರಿಲ್ಲದ ಗಾಡಿಗೆ ಮಾತ್ರ, ರಸ್ತೆ ಮೇಲೆ ಓಡೋ ಮಾಮೂಲಿ ಸ್ಕೂಟರ್‌ಗಳೆಲ್ಲ ಅದಕ್ಕಿಂತ ದೊಡ್ಡವು. ಕೆಲವರು ಅಣ್ಣನ ಹೆಸರಲ್ಲಿ ಐಡಿ ಮಾಡಿಸಿ ತಮ್ಮನನ್ನ ಕಳಿಸ್ತಾರೆ. 2019ರ ಮೋಟಾರು ವಾಹನ ತಿದ್ದುಪಡಿ ಓದಿ: ಅಪ್ರಾಪ್ತ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬೋವರೆಗೆ ಲೈಸೆನ್ಸ್ ಇಲ್ಲ. ಬೇರೆಯವರ ಐಡಿಯಲ್ಲಿ ಓಡಿಸುವಾಗ ಅಪಘಾತ ಆದ್ರೆ ವಿಮೆ ಕೈಗೆ ಬರೋದೂ ಕಷ್ಟ.

ಹನುಮಂತನಗರ_ಹುಡುಗ
25 ಕಿ.ಮೀ. ವೇಗದ ಎಲೆಕ್ಟ್ರಿಕ್ ಗಾಡಿಗೆ ಲೈಸೆನ್ಸೇ ಬೇಡವಲ್ಲ?

ರಸ್ತೆ_ನಿಯಮ
ಗಾಡಿಗೆ ಬೇಡ, ಸರಿ. ಮೋಟಾರು 250 ವ್ಯಾಟ್ ಒಳಗಿರಬೇಕು, ವೇಗ 25 ದಾಟಬಾರದು. ಆದರೆ ಡೆಲಿವರಿ ಕಂಪನಿಗಳು ಸೇರಿಸಿಕೊಳ್ಳೋಕೆ 18 ಕೇಳ್ತಾವೆ. ಅದೂ ಅಲ್ಲದೆ ಆರ್ಡರ್ ಜಾಸ್ತಿ ಬರೋದು ಸಂಜೆ 7ರ ಮೇಲೆ.

ಲೆಕ್ಕದ_ಪುಸ್ತಕ
ದಿನಗೂಲಿ ನೋಡಿ ಮೋಸ ಹೋಗಬೇಡಿ. ಮನೆ ಬಾಗಿಲು ದಾಟಿದ ಹೊತ್ತಿಂದ ವಾಪಸ್ ಬರೋವರೆಗೆ ಲೆಕ್ಕ ಹಾಕಿ. ಉದಾಹರಣೆಗೆ ವೈಟ್‌ಫೀಲ್ಡ್ ಮಾಲ್‌ನಲ್ಲಿ ಪ್ರಮೋಷನ್ ಕೆಲಸ, ದಿನಕ್ಕೆ 500, 5 ಗಂಟೆ ಅಂತಿಟ್ಟುಕೊಳ್ಳಿ. ಬನಶಂಕರಿಯಿಂದ ಹೋಗಿಬರೋಕೆ 3 ಗಂಟೆ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿ ಗರಿಷ್ಠ 90 ಆಯ್ತು, ಎರಡೂ ಕಡೆ ಸೇರಿ 180. ತಿಂಡಿ ಕಾಫಿ 60. ಉಳಿದಿದ್ದು 260, ಹೋಗಿದ್ದು 8 ಗಂಟೆ. ಗಂಟೆಗೆ 32 ರೂಪಾಯಿ 50 ಪೈಸೆ. ಅದೇ ಬೀದಿಯಲ್ಲಿ ಒಂದು ಮಗುವಿಗೆ ಗಂಟೆಗೆ 150ರಂತೆ ಪಾಠ ಹೇಳಿದರೂ ಎರಡು ಗಂಟೆಗೆ ಅದಕ್ಕಿಂತ ಜಾಸ್ತಿ ಕೈಗೆ ಬರುತ್ತೆ.

ಕತ್ರಿಗುಪ್ಪೆ_ಕಾವ್ಯ
ಹುಡುಗಿಗೆ ಈ ಲೆಕ್ಕ ಸ್ವಲ್ಪ ಬದಲಾಗುತ್ತೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರೋದರಿಂದ ಬಿಎಂಟಿಸಿ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ. ಎಸಿ ಬಸ್ಸಿಗೆ, ಮೆಟ್ರೋಗೆ ಅನ್ವಯಿಸಲ್ಲ. ದುಡ್ಡು ಉಳಿಯುತ್ತೆ ನಿಜ, ಆದ್ರೆ ಟ್ರಾಫಿಕ್ ಕಿಕ್ಕಿರಿಯೋ ಸಿಲ್ಕ್ ಬೋರ್ಡ್ ದಾಟಿ ಹೋಗೋ ಕೆಲಸ ಆದರೆ ಹೊತ್ತು ಉಳಿಯಲ್ಲ.

ಮಂಟಪದ_ಉಸ್ತುವಾರಿ
ಬಡಿಸೋ ಕೆಲಸದ ಬಗ್ಗೆ ವಿವರವಾಗಿ ಹೇಳ್ತೀನಿ, ಯಾಕೆಂದರೆ ಪಿಯುಸಿ ಹುಡುಗರನ್ನ ಹೆಚ್ಚು ಕರೆಯೋದು ಇದಕ್ಕೇ.

ಮೊದಲು ಹೊತ್ತು. ಮುಹೂರ್ತದ ಊಟ 11:30ಕ್ಕೆ ಶುರುವಾಗಿ 3:30ಕ್ಕೆ ಮುಗಿಯುತ್ತೆ, 3 ಗಂಟೆ ಮೀರೋ ಮುಂಚೆ ಒಂದು ಗಂಟೆ ಬಿಡುವು ಕೊಟ್ಟರೆ ಅದು ಸರಿ. ರಿಸೆಪ್ಷನ್ ಊಟ ಶುರುವಾಗೋದೇ 7:30ಕ್ಕೆ, ಕೊನೇ ಪಂಕ್ತಿ ಎದ್ದೇಳೋ ಹೊತ್ತಿಗೆ 11 ಆಗಿರುತ್ತೆ. 18 ತುಂಬದವರನ್ನ ರಾತ್ರಿಗೆ ಕಳಿಸಲೇಬೇಡಿ. ಮೇಸ್ತ್ರಿ "ಎರಡೂ ಹೊತ್ತು ಬಂದ್ರೆ ಮಾತ್ರ" ಅಂದರೆ ಆ ಮೇಸ್ತ್ರಿ ಬೇಡ.

ಎರಡನೇದು ಸೀಸನ್. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮದುವೆ ಇರಲ್ಲ. ಏಪ್ರಿಲ್, ಮೇ ತುಂಬಾ ಕೆಲಸ. ವಾರದ ಕೊನೆಗೆ ಒಂದು ಮುಹೂರ್ತ ಬಿದ್ದರೆ ಎಲ್ಲ ಮಂಟಪಕ್ಕೂ ಒಟ್ಟಿಗೆ ಹುಡುಗರು ಬೇಕಾಗ್ತಾರೆ, ಕೂಲಿ ಮಾತಾಡೋಕೆ ಅದೇ ಸಮಯ.

ಕೆಲಸ ಹೇಗೆ: ಬಕೆಟ್ ಎಡಗೈಯಲ್ಲಿ, ಸೌಟು ಬಲಗೈಯಲ್ಲಿ. ಹುಳಿ ಸಾರಿನ ಬಕೆಟ್ ಅರ್ಧಕ್ಕಿಂತ ಹೆಚ್ಚು ತುಂಬಿಸಿಕೊಳ್ಳಬಾರದು. ತುಂಬಿದ ಬಕೆಟ್ ಹಿಡಿದು ಬಗ್ಗಿದರೆ ಮೊಣಕಾಲಿಗೆ ಬಡಿದು ಚೆಲ್ಲುತ್ತೆ, ಸುಟ್ಟ ಗಾಯ ಆಗೋದು ಬಹುತೇಕ ಹೀಗೇ. ಸೌಟನ್ನ ಬಕೆಟ್ ಅಂಚಿಗೆ ಒಮ್ಮೆ ಒರೆಸಿ ಎತ್ತಿದರೆ ದಾರಿಯಲ್ಲಿ ಹನಿ ಬೀಳಲ್ಲ. ನೆಲದ ಮೇಲೆ ಒಂದು ಸೌಟು ಸಾರು ಬಿದ್ದರೂ ಅಲ್ಲೇ ನಿಂತು, ಹಿಂದೆ ಬರೋರಿಗೆ ಹೇಳಿ, ಒರೆಸಿದ ಮೇಲೇ ಮುಂದಕ್ಕೆ. ಮಾರ್ಬಲ್ ನೆಲ, ಬರಿಗಾಲು ಜಾರುತ್ತೆ, ರಬ್ಬರ್ ಅಟ್ಟೆಯ ಚಪ್ಪಲಿ ಬೇಕು. ಅಡುಗೆ ಮನೆ ಒಳಗೆ, ಬಾಣಲೆ ಹತ್ತಿರ ಹುಡುಗರು ಹೋಗಕೂಡದು. ಒಳಗಿನವರು ತುಂಬಿ ಬಾಗಿಲಿಗೆ ತಂದುಕೊಡಬೇಕು.

ಕೂಲಿ: ಒಂದು ಹೊತ್ತಿಗೆ ಇಷ್ಟು ಅಂತ ಇರುತ್ತೆ. ಎಲೆ ಹಾಕೋದು, ಟೇಬಲ್ ಒರೆಸೋದು, ಕೊನೆಗೆ ಪಾತ್ರೆ ಎತ್ತೋದು ಅದರಲ್ಲಿ ಸೇರಿದೆಯಾ ಕೇಳಿಕೊಳ್ಳಿ. ಕರೆದುಕೊಂಡು ಹೋಗೋ ಮಧ್ಯವರ್ತಿ ತಲೆಗಿಷ್ಟು ಹಿಡಿದುಕೊಳ್ತಾನೆ. ಅದು ಎಷ್ಟು ಅನ್ನೋದು ಮೊದಲೇ ಬಾಯಿಬಿಡಿಸಿ.

ಎಲೆ_ಊಟ
ಇನ್ನೊಂದು ಸೇರಿಸಿ ಅಣ್ಣ, ಎಲೆ ಹಾಕುವಾಗ ಕುಡಿ ಊಟಕ್ಕೆ ಕೂತವರ ಎಡಕ್ಕೆ. ತಿರುಗಿಸಿ ಹಾಕಿದರೆ ಹಿರಿಯರು ಎದ್ದೇಬಿಡ್ತಾರೆ.

ಶ್ರೀನಗರ_ಸೀನ
ಉಪ್ಪು ಮೊದಲೋ ಕೋಸಂಬರಿ ಮೊದಲೋ?

ಎಲೆ_ಊಟ
ಮನೆತನಕ್ಕೊಂದು ಪದ್ಧತಿ, ಕೇಟರಿಂಗ್‌ನವರಿಗೊಂದು. ಹುಡುಗರು ಆ ದಿನದ ಮೇಸ್ತ್ರಿ ಹೇಳಿದ ಸರದಿ ಹಿಡಿದರೆ ಸಾಕು. ಒಬ್ಬರಿಗೆ ಒಂದೇ ಪದಾರ್ಥ ಕೊಟ್ಟರೆ ಗೊಂದಲ ಇರಲ್ಲ.

ವಿಜಯನಗರದ_ತಂದೆ
ಎಲ್ಲರೂ ಕೆಲಸ ಕೆಲಸ ಅಂತೀರಲ್ಲ. ಫಸ್ಟ್ ಪಿಯುಸಿ ಹುಡುಗಿಗೆ ಈ ರಜೆಯಲ್ಲಿ ಸೆಕೆಂಡ್ ಪಿಯುಸಿ ಫಿಸಿಕ್ಸ್, ಮ್ಯಾಥ್ಸ್ ಎರಡು ಅಧ್ಯಾಯ ಮುಗಿಸಿದರೆ ಎಷ್ಟೋ ಲಾಭ. ಈ ಚಿಲ್ಲರೆ ದುಡ್ಡಿನಿಂದ ಏನಾಗಬೇಕು?

ಲೆಕ್ಕದ_ಪುಸ್ತಕ
ಕೆಲವು ಮನೆಗಳಲ್ಲಿ ಆ ಚಿಲ್ಲರೆಯೇ ಕಾಲೇಜು ಫೀಸು ಸರ್. ಅದೂ ಬಿಡಿ, ದಿನಕ್ಕೆ ಎರಡು ಮೂರು ಗಂಟೆ ಕೆಲಸ ಮಾಡಿದರೆ ಎರಡು ಅಧ್ಯಾಯಕ್ಕೆ ಬೇಕಾದಷ್ಟು ಹೊತ್ತು ಉಳಿಯುತ್ತೆ. ಓದಿಗೆ ಅಡ್ಡ ಬರೋದು ರಾತ್ರಿ ಕೆಲಸ, ದೂರದ ಪ್ರಯಾಣ.

ವಿಜಯನಗರದ_ತಂದೆ
ಅಷ್ಟಕ್ಕೆ ನಿಲ್ಲಿಸಿದರೆ ನನ್ನ ತಕರಾರಿಲ್ಲ. ಕಾಲೇಜು ಶುರುವಾದ ಮೇಲೂ ಮುಂದುವರಿಸಬಾರದು ಅನ್ನೋದು ನನ್ನ ಮಾತು.

ಪಾಠದ_ಹಲಗೆ
ನನ್ನ ಮತ ಟ್ಯೂಷನ್‌ಗೆ. ಆದ್ರೆ ಸರಿಯಾಗಿ ಮಾಡಬೇಕು. ಬಹಳ ಮಕ್ಕಳು ಎಡವೋದು ಮೂರು ಕಡೆ.

ಒಂದು: ಬೇರೆ ಬೇರೆ ತರಗತಿ, ಬೇರೆ ಬೇರೆ ಸಿಲಬಸ್ ಮಕ್ಕಳನ್ನ ಒಟ್ಟಿಗೆ ಕೂರಿಸೋದು. ಸ್ಟೇಟ್ 5ನೇ ಕ್ಲಾಸು, ಐಸಿಎಸ್ಇ 7ನೇ ಕ್ಲಾಸು ಒಂದೇ ಟೇಬಲ್‌ಗೆ ಬಂದರೆ ಯಾರಿಗೂ ಪಾಠ ಆಗಲ್ಲ. ಒಂದೇ ತರಗತಿಯ ಇಬ್ಬರು ಮೂವರು ಸಾಕು, ವಾರಕ್ಕೆ 3 ದಿನ, ಒಂದೊಂದು ಗಂಟೆ.

ಎರಡು: ಹೋಂವರ್ಕ್ ಮಾಡಿಕೊಡೋದು. ಪೋಷಕರಿಗೆ ಅದೇ ಬೇಕು ಅನ್ನಿಸುತ್ತೆ, ಆದ್ರೆ ಟೆಸ್ಟಲ್ಲಿ ಅಂಕ ಬರದಿದ್ದರೆ ಟ್ಯೂಷನ್ ಬಿಡಿಸೋದೂ ಅವರೇ. ಮೊದಲ 10 ನಿಮಿಷ ಹಿಂದಿನ ಪಾಠ, 25 ನಿಮಿಷ ಹೊಸದು, ಉಳಿದ ಹೊತ್ತು ಮಗುವೇ ಲೆಕ್ಕ ಮಾಡಬೇಕು, ಹೇಳಿಕೊಡೋರ ಕೈ ಪೆನ್ಸಿಲ್ ಮುಟ್ಟಬಾರದು.

ಮೂರು: ತಪ್ಪು ಎಲ್ಲಿ ಹುಟ್ತು ಅಂತ ಹುಡುಕದೆ ಇರೋದು. 7ನೇ ಕ್ಲಾಸ್ ಮಗು 1/2 + 1/3 = 2/5 ಅಂತ ಬರೆದರೆ "ತಪ್ಪು, ಲಸಾಅ ತಗೋ" ಅಂದರೆ ಪ್ರಯೋಜನ ಇಲ್ಲ. ಅದು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡ್ತಿದೆ, ಭಿನ್ನರಾಶಿ ಅಂದ್ರೆ ಎರಡು ಬೇರೆ ಸಂಖ್ಯೆ ಅಂದುಕೊಂಡಿದೆ. 2/5 ಅರ್ಧಕ್ಕಿಂತ ಕಡಿಮೆಯೋ ಜಾಸ್ತಿಯೋ ಕೇಳಿ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಯ್ತು ಅಂತ ಮಗು ತಾನೇ ನಿಂತು ಯೋಚನೆ ಮಾಡುತ್ತೆ. ಆಮೇಲೆ ಕಾಗದದ ಪಟ್ಟಿಯನ್ನ 6 ಸಮ ಭಾಗ ಮಡಿಸಿ: ಅರ್ಧ ಅಂದ್ರೆ 3 ಭಾಗ, ಮೂರನೇ ಒಂದು ಅಂದ್ರೆ 2 ಭಾಗ, ಒಟ್ಟು 5/6. ಅಲ್ಲಿಂದ ಲಸಾಅ ಹೇಳಿಕೊಟ್ಟರೆ ಕೂರುತ್ತೆ.

ಫೀಸು ತಿಂಗಳ ಮೊದಲ ವಾರ ಮುಂಗಡ. ಮಗು ಬರದಿದ್ದ ದಿನಕ್ಕೆ ಕಡಿತ ಇಲ್ಲ, ಹೇಳಿಕೊಡೋರು ತಪ್ಪಿಸಿದರೆ ಬದಲಿ ಕ್ಲಾಸು, ಇದನ್ನ ಮೊದಲ ದಿನವೇ ಹೇಳಿಬಿಡಬೇಕು. ಪಾಠ ಹಾಲ್‌ನಲ್ಲಿ, ದೊಡ್ಡವರು ಕಾಣೋ ಹಾಗೆ.

ಕತ್ರಿಗುಪ್ಪೆ_ಕಾವ್ಯ
ಬೇಸಿಗೆ ರಜೆಯಲ್ಲಿ ಟ್ಯೂಷನ್‌ಗೆ ಮಕ್ಕಳು ಸಿಗೋದು ಕಷ್ಟ, ಊರಿಗೆ ಹೋಗಿರ್ತಾರೆ. ಶಾಲೆ ತೆರೆಯೋ ಹೊತ್ತಿಗೆ ಬೇಡಿಕೆ ಬರುತ್ತೆ. ಅಲ್ಲಿವರೆಗೆ ಸಮ್ಮರ್ ಕ್ಯಾಂಪ್ ಸಹಾಯಕಿ ಕೆಲಸ ಒಳ್ಳೇದು, ಬಹಳ ಕ್ಯಾಂಪ್‌ಗಳು ಬೆಳಿಗ್ಗೆ 9:30ರಿಂದ ಮಧ್ಯಾಹ್ನ 12:30. ಕಾನೂನಿನ ಗಂಟೆಗೂ ಹೊಂದುತ್ತೆ. ಒಂದೇ ಎಚ್ಚರ: ಮಗುವನ್ನ ಯಾರ ಕೈಗೆ ಒಪ್ಪಿಸಬೇಕು ಅನ್ನೋ ಪಟ್ಟಿ ನೋಡಿ, ಸಹಿ ಹಾಕಿಸಿಕೊಂಡೇ ಕಳಿಸಬೇಕು. "ನಾನು ಚಿಕ್ಕಪ್ಪ" ಅಂತ ಬಂದವರಿಗೆಲ್ಲ ಕೊಡೋ ಹಾಗಿಲ್ಲ, ತಾಯಿಗೆ ಫೋನ್ ಮಾಡಬೇಕು. ಈಜು ಕ್ಯಾಂಪ್ ಆದರೆ ನೀರಿನ ಹೊಣೆ ತರಬೇತಾದ ದೊಡ್ಡವರದು, 16ರ ಹುಡುಗಿಯನ್ನ ಒಬ್ಬಳನ್ನೇ ಕೊಳದ ಹತ್ತಿರ ನಿಲ್ಲಿಸಿದರೆ ಅವತ್ತೇ ಬಿಡಿಸಿ.

ಅಚ್ಚು_ಮೊಳೆ
ಡಿಟಿಪಿ ಬಗ್ಗೆ ಯಾರೂ ಹೇಳಲಿಲ್ಲ. ಕನ್ನಡ ಟೈಪಿಂಗ್ ತಪ್ಪಿಲ್ಲದೆ ಬಂದರೆ ಚಿಕ್ಕಪೇಟೆ, ಸುಲ್ತಾನ್‌ಪೇಟೆ ಕಡೆ ಲಗ್ನಪತ್ರಿಕೆ ಅಂಗಡಿಗಳಲ್ಲಿ ಸೀಸನ್ನಿಗೆ ಕೈ ಬೇಕೇ ಬೇಕು. ಕಲಿಯಬೇಕಾದ್ದು ಎರಡು. ನುಡಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ಕೀಲಿಮಣೆ ವಿನ್ಯಾಸ, ಮತ್ತೆ ಹಳೇ ನುಡಿ ಫಾಂಟಿನ ಫೈಲನ್ನ ಯೂನಿಕೋಡಿಗೆ (ಈಗ ಫೋನು, ಇಂಟರ್ನೆಟ್ಟಲ್ಲಿ ಬಳಸೋ ಅಕ್ಷರ ವ್ಯವಸ್ಥೆಗೆ) ಬದಲಾಯಿಸೋದು. ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘ ಮೂರನ್ನೂ ಕಣ್ಣಿಟ್ಟು ನೋಡಬೇಕು, ಕೆಡೋದು ಅಲ್ಲೇ. "ಸೂರ್ಯ", "ಕಾರ್ಯಕ್ರಮ", "ಆಶೀರ್ವಾದ" ಈ ಮೂರು ಪದ ಸರಿ ಬಂದಿದೆಯಾ ನೋಡಿ ಆಮೇಲೆ ಉಳಿದಿದ್ದು.

ಲಗ್ನಪತ್ರಿಕೆಯಲ್ಲಿ ದುಡ್ಡು ಹೋಗೋದು ಹೆಸರು, ದಿನಾಂಕ, ವಾರ ತಪ್ಪಿದಾಗ. ದಿನಾಂಕಕ್ಕೂ ವಾರಕ್ಕೂ ಹೊಂದುತ್ತಾ ಅಂತ ಕ್ಯಾಲೆಂಡರ್ ಎದುರಿಗಿಟ್ಟು ನೋಡಬೇಕು. ಪ್ರೂಫ್ ಮೇಲೆ ಗಿರಾಕಿ ಸಹಿ ಇಲ್ಲದೆ ಪ್ರಿಂಟಿಗೆ ಹೋದರೆ ಕಾರ್ಡಿನ ನಷ್ಟ ಟೈಪ್ ಮಾಡಿದವರ ತಲೆಗೆ ಕಟ್ತಾರೆ.

ಹನುಮಂತನಗರ_ಹುಡುಗ
ಈಗ ಎಲ್ಲ ಫೋನಲ್ಲೇ ಟೈಪ್ ಮಾಡ್ತಾರೆ, ಇನ್ನೂ ನುಡಿ ಯಾಕೆ?

ಅಚ್ಚು_ಮೊಳೆ
ಅಂಗಡಿಯಲ್ಲಿರೋ ಹಳೇ ಡಿಸೈನುಗಳೆಲ್ಲ ಆ ಫಾಂಟಲ್ಲೇ ಇವೆ. ಹಳೇ ಪೇಜ್‌ಮೇಕರ್ ಥರದ ಸಾಫ್ಟ್‌ವೇರಿಗೆ ಯೂನಿಕೋಡ್ ಕನ್ನಡ ಅಂಟಿಸಿದರೆ ಅಕ್ಷರ ಒಡೆದುಹೋಗುತ್ತೆ. ಎರಡೂ ಬಂದವರಿಗೇ ಕೆಲಸ. ಈ ಕೆಲಸ ಮನೆಯಿಂದಲೂ ಮಾಡಬಹುದು, ಪುಟದ ಲೆಕ್ಕದಲ್ಲಿ.

ಜಾಗೃತ_ಜಯನಗರ
ಮನೆಯಿಂದ ಕೆಲಸ ಅಂದ ಕೂಡಲೇ ಎಚ್ಚರಿಕೆ ಹೇಳಲೇಬೇಕು. "ವಿಡಿಯೋಗೆ ಲೈಕ್ ಒತ್ತಿ, ಹೋಟೆಲಿಗೆ ರೇಟಿಂಗ್ ಕೊಡಿ, ಒಂದಕ್ಕೆ 50 ರೂಪಾಯಿ" ಅಂತ ಟೆಲಿಗ್ರಾಮ್‌ಗೆ ಎಳೀತಾರೆ. ಮೊದಲು ನಿಜವಾಗಿಯೂ ನೂರಿನ್ನೂರು ಹಾಕ್ತಾರೆ. ಆಮೇಲೆ "ಪ್ರೀಪೇಯ್ಡ್ ಟಾಸ್ಕ್", 1,000 ಹಾಕಿ 1,300 ತಗೊಳ್ಳಿ. ಮೊತ್ತ ಏರುತ್ತಾ ಹೋಗಿ ಕೊನೆಗೆ ದುಡ್ಡು ಸಿಕ್ಕಿಹಾಕಿಕೊಳ್ಳುತ್ತೆ, ಬಿಡಿಸಿಕೊಳ್ಳೋಕೆ ಮತ್ತೆ ಕಟ್ಟಿ ಅಂತಾರೆ.

ಅದಕ್ಕಿಂತ ಕೆಟ್ಟದ್ದು ಖಾತೆ ಬಾಡಿಗೆ. "ನಿನ್ನ ಅಕೌಂಟಿಗೆ ದುಡ್ಡು ಬರುತ್ತೆ, ಕಮಿಷನ್ ಇಟ್ಟುಕೊಂಡು ಮುಂದಕ್ಕೆ ಕಳಿಸು." ಅದು ವಂಚನೆ ದುಡ್ಡು. ಖಾತೆ ಫ್ರೀಜ್ ಆಗುತ್ತೆ, ಪೊಲೀಸರು ಬರೋದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮುಂದಕ್ಕೆ ಹೋಗೋ ಮುಂಚೆ ತಡೆಯೋ ಅವಕಾಶ ಆಗ ಮಾತ್ರ. ಕೆಲಸಕ್ಕೆ ಸೇರಿಸೋಕೆ ಯೂನಿಫಾರ್ಮ್, ತರಬೇತಿ, ನೋಂದಣಿ ಅಂತ ಮೊದಲೇ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಮೇಳ_ಮಳಿಗೆ
ಇನ್ನೊಂದು ದಾರಿ ಇದೆ, ಮಳಿಗೆ ಕೆಲಸ. ಬೇಸಿಗೆ ಕೊನೆಯಲ್ಲಿ ಮಾವಿನ ಮೇಳ, ಆಗಸ್ಟ್ ಮತ್ತು ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ, ಕಾರ್ತಿಕದ ಕೊನೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆ, ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆ. ಬಹುತೇಕ ಹಗಲು ಕೆಲಸ (ಪರಿಷೆಯಂಥವು ರಾತ್ರಿಗೂ ಎಳೆಯುತ್ತೆ, 7ಕ್ಕೆ ಕರೆದುಕೊಂಡು ಬನ್ನಿ).

ಮಳಿಗೆಯಲ್ಲಿ ಹುಡುಗರು ಏಮಾರೋದು ಯುಪಿಐನಲ್ಲಿ. ಗಿರಾಕಿ ತೋರಿಸೋ ಸ್ಕ್ರೀನ್ ನಂಬಬಾರದು, ಸುಳ್ಳು ಸ್ಕ್ರೀನ್ ತೋರಿಸೋ ಆ್ಯಪ್‌ಗಳಿವೆ. ನಮ್ಮ ಸೌಂಡ್‌ಬಾಕ್ಸ್ ಮೊತ್ತ ಹೇಳಬೇಕು, ಗದ್ದಲದಲ್ಲಿ ಕೇಳದಿದ್ದರೆ ಮಾಲೀಕರ ಫೋನಲ್ಲಿ ನೋಡಬೇಕು. ಬೆಳಿಗ್ಗೆ ಗಲ್ಲಾಪೆಟ್ಟಿಗೆಯಲ್ಲಿ ಎಷ್ಟು ಚಿಲ್ಲರೆ ಇತ್ತು ಅಂತ ಇಬ್ಬರೂ ಎಣಿಸಿ ಬರೆದಿಡಬೇಕು. ಸಂಜೆ: ಬೆಳಗಿನ ಚಿಲ್ಲರೆ, ಕೂಡಿಸು ನಗದು ವ್ಯಾಪಾರ, ಕಳೆ ಖರ್ಚು. ಇದು ಪೆಟ್ಟಿಗೆಗೆ ತಾಳೆಯಾದ ಮೇಲೇ ಹೊರಡಬೇಕು. ಹುಡುಗ ಹೊರಟ ಮೇಲೆ ಎಣಿಸಿ "200 ಕಮ್ಮಿ" ಅಂದರೆ ಕೂಲಿಗೆ ಕತ್ತರಿ.

ಬನಶಂಕರಿ_ಅಮ್ಮ
ಎಲ್ಲರಿಗೂ ತುಂಬಾ ಉಪಕಾರ. ಮಗಳಿಗೆ ಕ್ಯಾಂಪ್, ಜೂನ್‌ನಿಂದ ಟ್ಯೂಷನ್ ಸಾಕು ಅನ್ನಿಸ್ತಿದೆ. ಮಗನಿಗೆ ಡಿಟಿಪಿ ಅಂಗಡಿ ನೋಡ್ತೀವಿ. ಎರಡು ಸಂಶಯ. ಅಂಗಡಿಯವರು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಿ, ಮೂರು ತಿಂಗಳು ಬಿಡಲ್ಲ ಅಂತ ಬರೆದುಕೊಡಿ ಅಂದರೆ? ಮತ್ತೆ ದುಡ್ಡು ಯಾರ ಖಾತೆಗೆ ಹಾಕಿಸಬೇಕು, ತೆರಿಗೆ ಏನಾದರೂ ಬರುತ್ತಾ?

ಕಾನೂನು_ಕಟ್ಟೆ
ಮಾರ್ಕ್ಸ್ ಕಾರ್ಡ್ ಕೊಡಲೇಬೇಡಿ. ಸಿಇಟಿ ದಾಖಲೆ ಪರಿಶೀಲನೆಗೆ ಬೇಕಾದಾಗ ಅಂಗಡಿ ಬಾಗಿಲಲ್ಲಿ ಕಾಯೋ ಹಾಗಾಗುತ್ತೆ. ವಯಸ್ಸು ತೋರಿಸೋಕೆ ಜೆರಾಕ್ಸ್ ಸಾಕು, ಅದರ ಮೇಲೆ "ಇಂಥ ಅಂಗಡಿಯ ಕೆಲಸಕ್ಕೆ ಮಾತ್ರ" ಅಂತ ಅಡ್ಡ ಬರೆದು ದಿನಾಂಕ ಹಾಕಿ ಕೊಡಿ. ಬಾಂಡಿನ ವಿಷಯ: 1872ರ ಕರಾರು ಕಾಯ್ದೆ ಪ್ರಕಾರ 18 ತುಂಬದವರು ಮಾಡಿಕೊಂಡ ಕರಾರಿಗೆ ಬೆಲೆ ಇಲ್ಲ, ಬಿಟ್ಟು ಬಂದರೆ ಹುಡುಗನ ಮೇಲೆ ದಂಡ ಹೇರೋಕಾಗಲ್ಲ. ಮಾಡಿದ ಕೆಲಸದ ಕೂಲಿಯನ್ನ ಮಾತ್ರ ಕೊಡಲೇಬೇಕು. ಕೊಡದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ದೂರು ಕೊಡಿ. ಅದಕ್ಕೆ ಕೈಯಲ್ಲಿ ಏನಾದ್ರೂ ಬೇಕಲ್ಲ, ಸೇರೋ ಮುಂಚೆ "ಇಂಥ ದಿನದಿಂದ, ಇಷ್ಟು ಹೊತ್ತು, ಇಷ್ಟು ಕೂಲಿ, ವಾರವಾರ" ಅಂತ ಮಾಲೀಕರಿಗೆ ವಾಟ್ಸಾಪ್ ಹಾಕಿ, ಅವರು "ಸರಿ" ಅಂತ ಉತ್ತರ ಕೊಟ್ಟ ಮೇಲೇ ಹೋಗಲಿ.

ಲೆಕ್ಕದ_ಪುಸ್ತಕ
ಖಾತೆ ಅವನದೇ ಇರಲಿ. 10 ವರ್ಷ ದಾಟಿದವರು ತಾವೇ ನಡೆಸೋ ಉಳಿತಾಯ ಖಾತೆಗೆ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ, ಮಿತಿ ಎಷ್ಟು ಅನ್ನೋದು ಬ್ಯಾಂಕಿಗೆ ಬಿಟ್ಟದ್ದು. ತೆರಿಗೆ ವಿಷಯ: ಅಪ್ರಾಪ್ತರ ಬಡ್ಡಿ ಆದಾಯವನ್ನ ತಂದೆ ತಾಯಿ ಆದಾಯಕ್ಕೆ ಸೇರಿಸ್ತಾರೆ, ಆದ್ರೆ ಮೈಮುರಿದು ದುಡಿದದ್ದು, ಕೌಶಲದಿಂದ ಗಳಿಸಿದ್ದು ಹಾಗೆ ಸೇರಲ್ಲ, ಅದು ಮಗುವಿನದೇ ಆದಾಯ. ರಜೆ ಕೆಲಸದ ಮೊತ್ತಕ್ಕೆ ತೆರಿಗೆ ಬರಲ್ಲ. ಯಾರಾದ್ರೂ ಟಿಡಿಎಸ್ (ದುಡ್ಡು ಕೊಡುವಾಗಲೇ ಕಡಿದುಕೊಳ್ಳೋ ತೆರಿಗೆ) ಹಿಡಿದಿದ್ದರೆ ಮಾತ್ರ ಅವನ ಹೆಸರಲ್ಲಿ ಪ್ಯಾನ್ ಮಾಡಿಸಿ, ರಿಟರ್ನ್ ಹಾಕಿ ವಾಪಸ್ ತಗೊಳ್ಳಿ. ಪ್ಯಾನ್ ಅಪ್ರಾಪ್ತರಿಗೂ ಕೊಡ್ತಾರೆ.

ಅಚ್ಚು_ಮೊಳೆ
ಅಂಗಡಿಗೆ ಕರೆದುಕೊಂಡು ಹೋಗೋ ಮುಂಚೆ ಮನೆಯಲ್ಲೇ ಒಂದು ಹಳೇ ಲಗ್ನಪತ್ರಿಕೆ ಎದುರಿಗಿಟ್ಟು ಪೂರ್ತಿ ಟೈಪ್ ಮಾಡಿಸಿ ಮೇಡಂ. ವಂಶಾವಳಿ, ಮುಹೂರ್ತದ ಸಾಲು, ವಿಳಾಸ ಎಲ್ಲಾ. ಆ ಪ್ರಿಂಟ್ ಕೈಯಲ್ಲಿ ಹಿಡಿದು ಹೋದರೆ ಅಂಗಡಿಯವರು ಬೇರೆ ಪರೀಕ್ಷೆ ಕೇಳಲ್ಲ, ಕೂಲಿ ಮಾತಿಗೇ ಬರ್ತಾರೆ.